625 ಅಂಕಗಳು ಅಳೆಯುವುದೇನು?

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬುದ್ಧಿಯ ಪ್ರಮಾಣಪತ್ರವೆಂದೇ ಓದುವ ರೂಢಿ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರುಗಳಲ್ಲಿಯೂ ರಾಜಧಾನಿಯಲ್ಲಿಯೂ ಸಮನಾಗಿ ಬೇರೂರಿದ್ದು, ಶಾಣ್ಯಾ ಯಾರು, ದಡ್ಡ ಯಾರು ಎಂಬ ತೀರ್ಪು ಫಲಿತಾಂಶ ಹೊರಬಿದ್ದ ದಿನವೇ ಮನೆಮನೆಗಳಲ್ಲಿ ಆಗಿಹೋಗುತ್ತದೆ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಇದ್ದು, ಇವುಗಳಲ್ಲಿ 125 ಅಂಕಗಳನ್ನು ಆಂತರಿಕ ಮೌಲ್ಯಮಾಪನವೆಂದು, ಎಂದರೆ ವರ್ಷವಿಡೀ ನಡೆದ ಕಿರುಪರೀಕ್ಷೆ ಮತ್ತು ಚಟುವಟಿಕೆಗಳ ಆಧಾರದ ಮೇಲೆ, ಶಾಲೆಯೇ ನೀಡುತ್ತದೆ. ಉಳಿದ 500 ಅಂಕಗಳು ಪಠ್ಯದ ಪರಿಧಿಯೊಳಗಿನ ಪ್ರಶ್ನೆಗಳಿಗೆ ಗಡಿಯಾರ ನೋಡುತ್ತ ಬರೆದ ಉತ್ತರಗಳಿಗೆ ಸಲ್ಲುತ್ತವೆ.

ಅಳತೆಯ ಸಾಧನದಲ್ಲಿ ಮನೋವಿಜ್ಞಾನವು ಎರಡು ಗುಣಗಳನ್ನು ಹುಡುಕುತ್ತದೆ: ಸನ್ನಿವೇಶ ಬದಲಾದರೂ ಅಳತೆ ಕದಲದಿರುವುದು ವಿಶ್ವಸನೀಯತೆ, ಅಳೆಯಬೇಕಾದುದನ್ನು ಬಿಟ್ಟು ಬೇರೊಂದನ್ನು ಅಳೆಯದಿರುವುದು ಸಪ್ರಮಾಣತೆ. ಮೊದಲ ಗುಣವನ್ನೇ ನೋಡುವುದಾದರೆ, 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ತೇರ್ಗಡೆ ಪ್ರಮಾಣವು, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಿದ 2024ರಲ್ಲಿ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು, ಹಿಂದಿನ ವರ್ಷ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ ಜಿಲ್ಲೆ 21ನೆಯ ಸ್ಥಾನಕ್ಕೆ ಜಾರಿತು. ಕೋವಿಡ್ ಕಾಲದ 2021ರಲ್ಲಿ, ಯಾರನ್ನೂ ಅನುತ್ತೀರ್ಣಗೊಳಿಸಬಾರದೆಂಬ ನಿರ್ಧಾರದ ಮೇರೆಗೆ ಎರಡೇ ದಿನಗಳ ಬಹು ಆಯ್ಕೆಯ ಪರೀಕ್ಷೆ ನಡೆದು ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾಗಿದ್ದರು. ಒಂದು ವರ್ಷ ಬರೆದ ಮಕ್ಕಳು ಇನ್ನೊಂದು ವರ್ಷ ಬರೆದವರಲ್ಲವೆಂಬುದು ನಿಜವೇ. ಆದರೂ ಲಕ್ಷಾಂತರ ಮಕ್ಕಳ ಸರಾಸರಿ ಬುದ್ಧಿ ಹನ್ನೆರಡು ತಿಂಗಳಲ್ಲಿ ಇಷ್ಟು ಏರಿಳಿಯಲಾರದು. ಬದಲಾದದ್ದು ಮುಖ್ಯವಾಗಿ ಮೇಲ್ವಿಚಾರಣೆ ಮತ್ತು ನಿಯಮ.

ಎರಡನೆಯ ಗುಣವಾದ ಸಪ್ರಮಾಣತೆಗೆ ಬಂದರೆ, ಬುದ್ಧಿಯನ್ನೇ ಅಳೆಯಲು ಹೊರಟವರ ಕಥೆ ಬೇರೆ. ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೊನ್ 1905ರಲ್ಲಿ ರೂಪಿಸಿದ ಮೊದಲ ಬುದ್ಧಿಪರೀಕ್ಷೆಯ ಗುರಿ, ತರಗತಿಯ ಪಾಠದ ಜೊತೆ ಸಾಗಲಾಗದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದಾಗಿತ್ತೇ ಹೊರತು ಜಾಣರಿಗೆ ಕ್ರಮಾಂಕ ಹಚ್ಚುವುದಾಗಿರಲಿಲ್ಲ. ಬಿಜಾಪುರ ಜಿಲ್ಲೆಯನ್ನೂ ಒಳಗೊಂಡಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ವಿ. ವಿ. ಕಾಮತರು ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, 1940ರಲ್ಲಿ ಅದರ ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಬಹುಕಾಲ ಬಳಕೆಯಲ್ಲಿ ಉಳಿಯಿತು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಧಾರವಾಡ ಸೀಮೆಯ ಮಗುವಿಗೆ ಇದ್ದ ಹಾಗೆಯೇ ಕೇಳುವಂತಿಲ್ಲ ಎಂಬ ಎಚ್ಚರವೇ ಈ ಪರಿಷ್ಕರಣೆಯ ಬುಡದಲ್ಲಿತ್ತು.

ಶಾಲಾ ಪರೀಕ್ಷೆಗೆ ಆ ಎಚ್ಚರ ಇಲ್ಲ, ಇರಬೇಕೆಂದು ಅಪೇಕ್ಷಿಸುವುದೂ ಸರಿಯಲ್ಲ, ಏಕೆಂದರೆ ಕಲಿಸಿದ್ದನ್ನು ಮಕ್ಕಳು ಎಷ್ಟು ಕಲಿತಿದ್ದಾರೆ ಎಂದು ನೋಡುವುದಷ್ಟೇ ಅದರ ಕೆಲಸ. ಆದರೆ ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಹುಡುಗಿಗೆ ‘ಪ್ರಥಮ ಭಾಷೆ’ಯಾದ ಕನ್ನಡ ವಾಸ್ತವದಲ್ಲಿ ಎರಡನೆಯದು, ತಂದೆತಾಯಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋದಾಗ ಅವರ ಜೊತೆಗೇ ನಡೆದ ಹುಡುಗ ಮರಳಿ ಬರುವ ಹೊತ್ತಿಗೆ ಬೀಜಗಣಿತದ ಅಧ್ಯಾಯ ಮುಗಿದಿರುತ್ತದೆ. ಇಂಥವರ ಅಂಕಗಳಲ್ಲಿ ಹಾಜರಾತಿ, ಭಾಷೆ, ಖಾಲಿ ಉಳಿದ ಶಿಕ್ಷಕರ ಹುದ್ದೆ ಎಲ್ಲವೂ ಬೆರೆತಿದ್ದು, ಅವುಗಳಿಂದ ಬುದ್ಧಿಯನ್ನು ಮಾತ್ರ ಸೋಸಿ ತೆಗೆಯುವ ವಿಧಾನ ಅಂಕಪಟ್ಟಿಯಲ್ಲಿಲ್ಲ.

ಪರೀಕ್ಷೆಯ ಬಲೆಗೆ ಬೀಳದ ಬುದ್ಧಿಗೆ ಅದೇ ಬಿಜಾಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿಯೇ ಮುದ್ರಿತ ಸಾಕ್ಷ್ಯವಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರ ಬಳಗವು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವಾಗಿ ಹೊರತಂದಿತು. ಬೀಸುಕಲ್ಲಿನ ಮುಂದೆ ತ್ರಿಪದಿಯ ಲಯ ತಪ್ಪದೆ ಹಾಡು ಕಟ್ಟಿ, ನೆನಪಿಟ್ಟು, ಮಗಳಿಗೆ ಒಪ್ಪಿಸಿದ ಆ ತಾಯಂದಿರಲ್ಲಿ ಬಹುಪಾಲು ಜನರಿಗೆ ಅಕ್ಷರವೇ ತಿಳಿದಿರಲಿಲ್ಲ.

ಇಷ್ಟರಿಂದ ಅಂಕ ವ್ಯರ್ಥವೆನ್ನುವುದು ಅವಸರದ ಮಾತಾದೀತು. ಉತ್ತಮ ಅಂಕದ ಹಿಂದೆ ಗ್ರಹಣಶಕ್ತಿ, ಶಿಸ್ತು, ಪಟ್ಟುಹಿಡಿದ ಓದು ಇದ್ದೇ ಇರುತ್ತವೆ. ಜಾತಿ, ಶಿಫಾರಸು ಕೇಳದ ಲಿಖಿತ ಪರೀಕ್ಷೆಯೇ ಎಷ್ಟೋ ಬಡ ಮಕ್ಕಳಿಗೆ ತೆರೆದ ಒಂದೇ ಬಾಗಿಲು. ಆದರೆ ಒಂದೇ ಸಲದ ಬರವಣಿಗೆ ಕೊನೆಯ ಮಾತಲ್ಲವೆಂಬುದನ್ನು ಪರೀಕ್ಷಾ ಮಂಡಳಿಯೇ ಒಂದು ಬಗೆಯಲ್ಲಿ ಒಪ್ಪಿಕೊಂಡಂತಿದೆ: 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ ಪದ್ಧತಿ ಜಾರಿಗೆ ಬಂದು, ವಿದ್ಯಾರ್ಥಿಯು ಅವುಗಳಲ್ಲಿ ಗಳಿಸಿದ ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಅವಕಾಶವಾಯಿತು.