ಉಳಿಯ ಮೊನೆಯಲ್ಲಿ ಮನಸ್ಸು

(ಜುಲೈ 29: ಸಂತ ಮಾರ್ತಾ, ಮರಿಯಾ ಮತ್ತು ಲಾಜರರ ಸ್ಮರಣೆಯ ಪ್ರಬೋಧನೆ. ಶುಭಸಂದೇಶ: ಲೂಕ 10:38-42)



ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ನೀವು ನೋಡಿರುತ್ತೀರಿ. ತಲೆಮಾರುಗಳಿಂದ ಕಲ್ಲು ಕೆತ್ತಿ ಬದುಕುವ ಶಿಲ್ಪಿಗಳ ಊರು ಅದು. ಸುತ್ತ ಧೂಳು, ವಾಹನಗಳ ಸದ್ದು, ಬೆಲೆ ಕೇಳುವ ಗಿರಾಕಿಗಳು. ಆದರೂ ಮೂರ್ತಿಯ ಮುಖ ಕೆತ್ತುವಾಗ ಶಿಲ್ಪಿಯ ಕಣ್ಣು ಉಳಿಯ ಮೊನೆಯನ್ನು ಬಿಟ್ಟು ಕದಲುವುದಿಲ್ಲ. ಮಣ್ಣಿನ ಗೊಂಬೆ ಕೆಟ್ಟರೆ ಮತ್ತೆ ಮೆತ್ತಬಹುದು. ಕಲ್ಲಿನಿಂದ ಹಾರಿದ ಚೂರು ಮತ್ತೆ ಕೂಡಿಕೊಳ್ಳುವುದಿಲ್ಲ.

ನಮ್ಮ ಬದುಕಿನ ಗಳಿಗೆಗಳೂ ಹಾಗೆಯೇ. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಅವರು ನನ್ನ ಕೈ ಹಿಡಿದು, "ಸ್ವಾಮಿ, ಒಂದು ಮಾತು" ಎಂದರು. ಅಷ್ಟರಲ್ಲಿ ನನ್ನ ಮೊಬೈಲ್ ರಿಂಗಾಯಿತು. "ಒಂದು ನಿಮಿಷ ಅಮ್ಮಾ" ಎಂದು ಹೊರಗೆ ಹೋದೆ. ಹಬ್ಬದ ಚಪ್ಪರದ ಲೆಕ್ಕದ ಮಾತು. ಹಿಂದಿರುಗಿದಾಗ ಅಜ್ಜಿಗೆ ಮಂಪರು ಹತ್ತಿತ್ತು. ನಾಳೆ ಬರುತ್ತೇನೆಂದು ಹೇಳಿ ಬಂದೆ. ಆ ರಾತ್ರಿಯೇ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆ ಒಂದು ಮಾತು ಏನಿತ್ತೋ, ನನಗೆ ಇಂದಿಗೂ ತಿಳಿಯದು.

ನನ್ನನ್ನು ಹೊರಗೆಳೆದದ್ದು ಕೆಟ್ಟ ಕೆಲಸವಲ್ಲ, ದೇವಾಲಯದ ಕೆಲಸವೇ. ಮಾರ್ತಾಳ ಕಥೆಯೂ ಇದೇ. ಯೇಸು ಆಕೆಯ ದುಡಿಮೆಯನ್ನು ಖಂಡಿಸಲಿಲ್ಲ. ಹಲವು ಚಿಂತೆಗಳಿಗೆ ಹಂಚಿಹೋದ ಆಕೆಯ ಮನಸ್ಸನ್ನು, ಎರಡು ಸಲ ಹೆಸರು ಹಿಡಿದು ಪ್ರೀತಿಯಿಂದ ಕರೆದರು. ಅತಿಥಿಗಾಗಿ ದುಡಿಯುತ್ತಾ ಅತಿಥಿಯನ್ನೇ ಮರೆತದ್ದು ಆಕೆಯ ಕೊರತೆ. ಶಿಲ್ಪಿಯನ್ನು ನೋಡಿ: ಕೈ ಮಾರ್ತಾಳದು, ಮನಸ್ಸು ಮರಿಯಾಳದು. ನಮಗೆ ಎರಡೂ ಬೇಕು.

ಮಾರ್ತಾಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಹೋದರ ಲಾಜರ ತೀರಿಕೊಂಡಾಗ ಮನೆ ತುಂಬ ಜನರಿದ್ದರು. ಅವರ ನಡುವಿನಿಂದ ಎದ್ದು ಯೇಸುವನ್ನು ಎದುರುಗೊಂಡು, ಅವರೇ ದೇವಪುತ್ರರೆಂದು ವಿಶ್ವಾಸ ಸಾರಿದವಳು ಅವಳೇ. 2021ರಲ್ಲಿ, ಆಗಿನ ಜಗದ್ಗುರು ಫ್ರಾನ್ಸಿಸರ ತೀರ್ಮಾನದಂತೆ, ಈ ಮೂವರ ಸ್ಮರಣೆಯೂ ಒಂದೇ ದಿನಕ್ಕೆ ಸೇರಿತು. ಒಂದು ಮನೆ, ಮೂವರು, ನಡುವೆ ಯೇಸು. ನಮ್ಮ ಮನೆಯೂ ಹಾಗಿರಬೇಕಲ್ಲವೇ?

ಪ್ರಿಯರೇ, ಇಂದು ಸಂಜೆ ಜಪಸರಕ್ಕೆ ಕೂರುವಾಗ, ಊಟಕ್ಕೆ ಕೂರುವಾಗ, ಮನೆಯ ಮೊಬೈಲುಗಳೆಲ್ಲ ಒಂದು ಗೂಡಿನಲ್ಲಿರಲಿ. ಟಿವಿ ಮೌನವಾಗಿರಲಿ. ಮಗು ಕರೆದಾಗ, ವೃದ್ಧ ತಾಯಿ "ಒಂದು ಮಾತು" ಎಂದಾಗ, "ಒಂದು ನಿಮಿಷ" ಎನ್ನದೆ ಮುಖವೆತ್ತಿ ನೋಡೋಣ. ಆ ದನಿಯಲ್ಲಿ ಪ್ರಭುವೇ ನಮ್ಮ ಬಾಗಿಲಿಗೆ ಬಂದಿರಬಹುದು. ಅವರ ಮಾತಿಗೆ ಕಿವಿಗೊಡುವ ವರವನ್ನು ಈ ಬಲಿಪೂಜೆಯಲ್ಲಿ ಬೇಡೋಣ. ಆಮೆನ್.