ಕೌದಿಯೂ ಅದನ್ನು ಹೊಲಿದವರೂ



ಕೌದಿಯನ್ನು ಹೊದೆಯದೆ ಬೆಳೆದವರು ನಮ್ಮಲ್ಲಿ ವಿರಳ. ಆದರೂ ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನ ಸಿದ್ದಿ ಸೋದರಿಯರ ಕೌದಿಯನ್ನು ಕಂಡವರು ಎಷ್ಟು ಮಂದಿ? ಇವರ ಪೂರ್ವಜರು ಆಫ್ರಿಕದವರು. ಗೋವೆಯಲ್ಲಿ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. ಇವರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮುಮ್ಮೂಲೆಯ ತುಂಡುಗಳನ್ನು ಪದರವಾಗಿ ಇಡುತ್ತಾರೆ. ಅವಕ್ಕೆ ಹೂವೆಂದು ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ! 2011ರಲ್ಲಿ ಇವು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು.

ಅಮೆರಿಕದಲ್ಲಿಯೂ ಇಂತಹ ಕೌದಿಗಳುಂಟು. ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿ ಗುಲಾಮರ ಸಂತತಿಯ ಕರಿಯ ಮಹಿಳೆಯರು ದುಡಿಮೆಯಲ್ಲಿ ಸವೆದ ಉಡುಪುಗಳಿಂದ ಅವನ್ನು ಹೊಲಿದರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯವು ಅವನ್ನು ಗೋಡೆಗೇರಿಸಿತು. ಹೊಗಳಿಕೆಗೆ ಕೊರತೆಯಿರಲಿಲ್ಲ, ಹಣದ ಪಾಲಿಗಾಗಿ ಮಾತ್ರ ಹೊಲಿದವರಲ್ಲಿ ಕೆಲವರು 2007ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಅಮೆರಿಕದವರನ್ನು ಆಕ್ಷೇಪಿಸುವುದು ಸುಲಭ. ತಲೆಮಾರುಗಳು ಕಳೆದರೂ ‘ನೀವು ಹೊರಗಿನವರು’ ಎಂಬ ಮಾತನ್ನು ಕೇಳಿ ನೊಂದವರು ಗಡಿಯ ಕನ್ನಡಿಗರಾದ ನಾವು. ಸಿದ್ದಿಯವರನ್ನು ಕಂಡು ‘ಯಾವ ದೇಶದವರು?’ ಎಂದು ಕೇಳುವವರೂ ನಾವೇ! ಉತ್ಸವಗಳಲ್ಲಿ ಅವರಿಗೆ ಕರೆ ಹೋಗುವುದು ಹೆಚ್ಚಾಗಿ ಡಮಾಮಿ ಕುಣಿತಕ್ಕಾಗಿ.

ಬರುವ ವರ್ಷದ ನಮ್ಮ ಹೊಲಿಗೆ ಶಿಬಿರಕ್ಕೆ ಅವರನ್ನು ಗುರುಗಳಾಗಿ ಕರೆಯೋಣ. ವೇದಿಕೆಯ ಮೇಲೆ ಆಸನವಿರಲಿ, ಕೌದಿಯ ಪಕ್ಕದಲ್ಲಿ ಹೊಲಿದವರ ಹೆಸರಿರಲಿ. ಬೆಲೆಯನ್ನು ಅವರೇ ಹೇಳಲಿ. ಪ್ರಯಾಣದ ವೆಚ್ಚಕ್ಕೆ ವಂತಿಗೆಯನ್ನು ಇಂದೇ ಬರೆಸಿರೆಂದು ಪ್ರಾರ್ಥಿಸುತ್ತೇವೆ.