ಕೂಡಿಸುವವನೇ ಬಿಚ್ಚುವುದನ್ನೂ ಯೋಚಿಸಲಿ

(ಕುಪ್ಪಗಡ್ಡೆಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಾಲಿಯ ಒಂದು ಅರೆ ಮುರಿಯಿತೆಂದು ಇಡೀ ಗಾಡಿಯನ್ನೇ ಬಿಸಾಡಿದವರನ್ನು ಈ ಸೊರಬ ಸೀಮೆಯಲ್ಲಿ ಯಾರಾದರೂ ಕಂಡಿದ್ದೀರಾ? ಕಡಾಣಿ ಕಿತ್ತರೆ ಗಾಲಿ ಕೈಗೆ ಬರುತ್ತಿತ್ತು. ಬಡಗಿ ಮುರಿದ ಅರೆಯನ್ನು ತೆಗೆದು ಹೊಸದನ್ನು ಕೂರಿಸುತ್ತಿದ್ದ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಮತ್ತೆ ತೊಡಿಸುತ್ತಿದ್ದ. ಗಾಡಿ ಪೂರಾ ಹಳತಾದ ಮೇಲೆ ಮರ ಒಲೆಗೆ, ಪಟ್ಟಿ ಕುಲುಮೆಗೆ. ಹಾಳಾದದ್ದು ಏನೂ ಇಲ್ಲ. ಆ ಬಡಗಿ ಯಾವ ಕಾಲೇಜಿಗೂ ಹೋದವನಲ್ಲ. ಆದರೆ ಕೂಡಿಸುವಾಗಲೇ ಬಿಚ್ಚುವ ದಾರಿಯನ್ನೂ ಇಟ್ಟಿದ್ದ. ಏಕೆಂದರೆ ಗಾಡಿ ಕೆಟ್ಟರೆ ಅದು ಬರುತ್ತಿದ್ದುದು ಅವನ ಬಾಗಿಲಿಗೇ.

ಅಕ್ಕಿ ಗಿರಣಿಯಲ್ಲಿ ದುಡಿಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಭತ್ತ ಸುಲಿಯುವ ರಬ್ಬರು ರೋಲು ಸವೆಯುತ್ತದೆ. ಬೋಲ್ಟು ಬಿಚ್ಚಿ ಹೊಸದನ್ನು ಹಾಕುತ್ತೀರಿ. ಬೇರಿಂಗು ಹೋದರೆ ಬೇರಿಂಗು, ಬೆಲ್ಟು ಹರಿದರೆ ಬೆಲ್ಟು. ಮೋಟಾರು ಸುಟ್ಟರೆ ತಂತಿ ಸುತ್ತಿಸಿ ಮತ್ತೆ ಓಡಿಸುತ್ತೀರಿ. ಸವೆಯುವುದು ಯಾವುದು, ಉಳಿಯುವುದು ಯಾವುದು ಎಂಬುದನ್ನು ಮೊದಲೇ ವಿಂಗಡಿಸಿ ಕಟ್ಟಿದ ಯಂತ್ರವದು.

ಈಗ ನಿಮ್ಮ ಮನೆಯ ಎಲ್.ಇ.ಡಿ. ಬಲ್ಬನ್ನು ನೋಡಿ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ವಿದ್ಯುತ್ತು ಉಳಿಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಹಳಷ್ಟು ಬಲ್ಬುಗಳಲ್ಲಿ ಒಳಗಿನ ಸಣ್ಣ ದೀಪಗಳು ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಸಾಲಿನಲ್ಲಿ ಒಂದು ಸತ್ತರೆ ಸಾಲೆಲ್ಲ ಕತ್ತಲೆ. ಸರಿಪಡಿಸೋಣವೆಂದರೆ ಮುಚ್ಚಳವನ್ನು ಅಂಟು ಹಾಕಿ ಬಿಗಿದಿರುತ್ತಾರೆ. ಮೊಬೈಲಿನ ಕಥೆಯೂ ಇದೇ. ಹಿಂದೆ ಉಗುರಿನಿಂದ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. ಇಂದು ಅದನ್ನು ಅಂಟಿನಿಂದ ಬಿಡಿಸುವಾಗ ಹುಡುಗನ ಕೈತಪ್ಪಿ ಬ್ಯಾಟರಿಗೆ ತೂತಾದರೆ ಬೆಂಕಿಯೇ ಏಳಬಹುದು.

ಹೀಗೇಕೆ ಎಂದು ಕೇಳಿದರೆ ತಯಾರಕರು ಎರಡು ಉತ್ತರ ಕೊಡುತ್ತಾರೆ. ಅಂಟು ಹಾಕಿದರೆ ನೀರು ಒಳಗೆ ಇಳಿಯುವುದಿಲ್ಲ ಎನ್ನುವುದು ಮೊದಲನೆಯದು. ನಮ್ಮ ಕೊಳವೆ ಬಾವಿಯ ಪಂಪು ನೂರಾರು ಅಡಿ ಆಳದಲ್ಲಿ, ನೀರಿನಲ್ಲೇ ಮುಳುಗಿ ದುಡಿಯುತ್ತದೆ. ಅದನ್ನು ಮೇಲೆತ್ತಿ, ಬಿಚ್ಚಿ, ತಂತಿ ಸುತ್ತಿ, ಮತ್ತೆ ಇಳಿಸುವ ಮೆಕ್ಯಾನಿಕ್ ಸಣ್ಣ ಊರುಗಳಲ್ಲೂ ಇದ್ದಾನೆ. ನೀರು ತಡೆಯುವುದಕ್ಕೂ ಬಿಚ್ಚುವುದಕ್ಕೂ ಹಗೆತನವಿಲ್ಲ. ಎರಡನೆಯದು, ಅಂಟು ಅಗ್ಗ ಎಂಬ ಉತ್ತರ. ಯಾರಿಗೆ ಅಗ್ಗ? ಕಾರ್ಖಾನೆಯ ಲೆಕ್ಕದಲ್ಲಿ ಉಳಿದ ಕಾಸು ಮಾಯವಾಗಲಿಲ್ಲ. ಹೊಸದನ್ನು ಕೊಳ್ಳುವವನ ಜೇಬಿನಿಂದ ಹೋಯಿತು. ರಿಪೇರಿ ಅಂಗಡಿಯವನ ದಿನದ ದುಡಿಮೆಯಿಂದ ಹೋಯಿತು. ಕೊನೆಗೆ ಗುಜರಿಯವನ ಮೈಮೇಲೆ ಬಿತ್ತು.

ಈ ಗುಜರಿಯ ವಿಚಾರ ಸ್ವಲ್ಪ ಗಮನವಿಟ್ಟು ಕೇಳಿ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕಬ್ಬಿಣವನ್ನು ಮತ್ತೆ ಮತ್ತೆ ಕರಗಿಸಬಹುದೆಂಬುದು ಅಲ್ಲಿ ದುಡಿದವರಿಗೆಲ್ಲ ಗೊತ್ತು. ಆದರೆ ಮೋಟಾರಿನ ತಾಮ್ರ ಕಬ್ಬಿಣದೊಡನೆ ಕುಲುಮೆಗೆ ಹೋದರೆ, ಕರಗಿದ ಉಕ್ಕಿನಿಂದ ಅದನ್ನು ಬೇರ್ಪಡಿಸುವುದು ಹೆಚ್ಚುಕಡಿಮೆ ಆಗದ ಮಾತು. ತಾಮ್ರ ಮಿತಿಮೀರಿದ ಉಕ್ಕು ಕಾಯಿಸಿ ಲಟ್ಟಿಸುವಾಗ ಬಿರುಕು ಬಿಡುತ್ತದೆ. ಆದ್ದರಿಂದ ಬೇರ್ಪಡಿಸುವ ಕೆಲಸ ಬೆಂಕಿಗೆ ಮುಂಚೆಯೇ ಆಗಬೇಕು. ಸ್ಕ್ರೂ ಇದ್ದರೆ ಅದು ಕೆಲವು ನಿಮಿಷದ ಕೆಲಸ. ಬಿಚ್ಚಲು ಬಾರದಿದ್ದರೆ ಸುತ್ತಿಗೆ, ಇಲ್ಲವೇ ಬೆಂಕಿ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸುಟ್ಟು ತಾಮ್ರ ತೆಗೆಯುವವನು ಆ ವಿಷದ ಹೊಗೆಯನ್ನು ಕುಡಿಯುತ್ತಾನೆ. ಕಂಪನಿ ಉಳಿಸಿದ ಕಾಸಿಗೆ ಬಡ್ಡಿ ಕಟ್ಟುವುದು ಅವನ ಶ್ವಾಸಕೋಶ.

ಕಾನೂನು ಇಲ್ಲವೆ? ಇದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ತಯಾರಕರು ನಿಗದಿಯಾದ ಪ್ರಮಾಣದ ಹಳೆಯ ಸಾಮಾನನ್ನು ಮರುಬಳಕೆಗೆ ಒಳಪಡಿಸಬೇಕು. ಮೊದಲೆರಡು ವರ್ಷ ಶೇಕಡಾ 60, ಅನಂತರ 70, 2027-28ರಿಂದ 80. ವಸ್ತು ಮರುಬಳಕೆಗೆ ಒದಗುವಂತಿರಬೇಕು, ಬೇರೆ ಬೇರೆ ತಯಾರಕರ ಬಿಡಿಭಾಗಗಳು ಒಂದಕ್ಕೊಂದು ಹೊಂದಬೇಕು ಎಂದೂ ಆ ನಿಯಮಗಳು ಹೇಳುತ್ತವೆ. ಒಳ್ಳೆಯ ಮಾತು. ಆದರೆ ತೂಕಕ್ಕೆ ಶೇಕಡಾವಾರು ಗುರಿಯಿದೆ. ಎಷ್ಟು ಹೊತ್ತಿನಲ್ಲಿ, ಯಾವ ಸಲಕರಣೆಯಿಂದ ಬಿಚ್ಚಲು ಬರಬೇಕೆಂಬುದಕ್ಕೆ ಅಂಥ ಅಳತೆಯಿಲ್ಲ. ಅಳತೆಯಿಲ್ಲದ ಕರ್ತವ್ಯ ಕಾಗದದ ಮೇಲೇ ಉಳಿಯುತ್ತದೆ.

ಅಳತೆ ಇಡಲು ಸಾಧ್ಯವೇ ಇಲ್ಲವೆಂದು ಯಾರೂ ಹೇಳಲಾರರು. ಫ್ರಾನ್ಸ್ ದೇಶ 2021ರಲ್ಲಿ ಕೆಲವು ಬಗೆಯ ಉಪಕರಣಗಳ ಮೇಲೆ, ರಿಪೇರಿಗೆ ಎಷ್ಟು ಒದಗುತ್ತದೆಂದು 10ಕ್ಕೆ ಇಷ್ಟು ಎಂಬ ಅಂಕ ನಮೂದಿಸುವ ಪದ್ಧತಿ ತಂದಿತು. ಬಿಚ್ಚುವ ಸುಲಭವೂ ಬಿಡಿಭಾಗದ ಬೆಲೆಯೂ ಆ ಅಂಕದಲ್ಲಿ ಸೇರಿವೆ. ಯುರೋಪಿನ ಒಕ್ಕೂಟದ 2023ರ ಕಾನೂನಿನಂತೆ, ಕೆಲವು ವಿನಾಯಿತಿ ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವಂತಿರಬೇಕು. ಅಲ್ಲಿ ಸ್ಕ್ರೂ ಹಾಕಬಲ್ಲ ಕಂಪನಿ ಇಲ್ಲಿ ಅಂಟು ಹಾಕಿ ಮಾರಿದರೆ ನಾವು ಸುಮ್ಮನಿರಬೇಕೆ?

ನಾವು ಮಾಡಬಹುದಾದದ್ದೇನು? ಅಂಗಡಿಕಾರ ಮಿತ್ರರು ಸಗಟು ವ್ಯಾಪಾರಿಯಿಂದ ಮಾಲು ಎತ್ತುವಾಗ ಮೂರು ಪ್ರಶ್ನೆ ಕೇಳಿ: ಇದನ್ನು ಬಿಚ್ಚಬಹುದೆ? ಬಿಡಿಭಾಗ ಸಿಗುತ್ತದೆಯೆ? ಎಷ್ಟು ವರ್ಷ ಸಿಗುತ್ತದೆ? ಉತ್ತರ ಬಾರದ ಮಾಲನ್ನು ಗಿರಾಕಿಗೂ ಹಾಗೆಂದೇ ತಿಳಿಸಿ ಮಾರಿ. ಗಿರಣಿಯ ಮಿತ್ರರು ಹೊಸ ಯಂತ್ರ ಬರುವ ಮೊದಲು, ಅದನ್ನು ಬಿಚ್ಚುವ ಕೈಗಳು ನಿಮ್ಮವೇ ಆದ್ದರಿಂದ, ಮಾಲೀಕರ ಮುಂದೆ ಇದೇ ಪ್ರಶ್ನೆಗಳನ್ನು ಇಡಿ. ಸರ್ಕಾರದ ಮುಂದೆ ನಮ್ಮ ಬೇಡಿಕೆ ಸರಳ: ಸರ್ಕಾರದ ಹಣದಲ್ಲಿ ಕೊಳ್ಳುವ ಬಲ್ಬು, ಪಂಪು, ಕಂಪ್ಯೂಟರುಗಳಿಗೆ ಬಿಚ್ಚಲು ಬರುವುದನ್ನೇ ಟೆಂಡರಿನ ಷರತ್ತು ಮಾಡಲಿ. ದೊಡ್ಡ ಗಿರಾಕಿ ಕೇಳಿದರೆ ತಯಾರಕ ಕೇಳಲೇಬೇಕಾಗುತ್ತದೆ.

ಕಾಸು ಕೊಟ್ಟು ಕೊಂಡ ವಸ್ತುವನ್ನು ತೆರೆಯಲು ಬಾರದಿದ್ದರೆ ಅದು ನಮ್ಮದಾಗಲಿಲ್ಲ, ಬಾಡಿಗೆಗೆ ತಂದಂತಾಯಿತು. ನಮ್ಮ ವಸ್ತು ನಮ್ಮದಾಗಲಿ. ಅದನ್ನು ತೆರೆಯುವ ಕೈಗಳಿಗೆ ಅನ್ನ ಸಿಗಲಿ, ವಿಷ ಬೇಡ.